ಆಮೇಲಕ್ಕನ ತೂತಿನ ಪುಸ್ತಕ

ಅಂಧ ಮಕ್ಕಳಿಗೆ ಪುಸ್ತಕ ಅಚ್ಚು ಹಾಕುವ ಮುದ್ರಣಾಲಯದವರು ನನ್ನ ನಗೆಬರಹಗಳ ಸಂಗ್ರಹವೊಂದನ್ನು ಬ್ರೈಲ್ ಲಿಪಿಯಲ್ಲಿ ತರುತ್ತೇವೆಂದು ಕಾಗದ ಬರೆದಾಗ ನಾನು ಎರಡು ದಿನ ನೆಲದಿಂದ ಒಂದು ಗೇಣು ಮೇಲೆ ನಡೆದೆ. ಕಣ್ಣಿನಿಂದ ಓದುವವರೆಲ್ಲ ನನ್ನನ್ನು ಓದಿ ಮುಗಿಸಿದ್ದಾರೆ, ಇನ್ನು ಬೆರಳಿನಿಂದ ಓದುವವರ ಸರದಿ ಎಂಬುದು ನನ್ನ ನಂಬಿಕೆ. ಪ್ರಕಾಶಕರ ನಂಬಿಕೆ ಬೇರೆ ಇತ್ತು. ಅದಿರಲಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಮುದ್ರಣಾಲಯ ಇದ್ದದ್ದು ಟೈರು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲಿನ ಕಂಬಿಗೆ ಅಲ್ಲಲ್ಲಿ ತಗಡಿನ ಪಟ್ಟಿ ಬಡಿದು ಚುಕ್ಕಿ ಮೂಡಿಸಿದ್ದರು. ಮುಟ್ಟಿ, ಏನೋ ಅರ್ಥವಾದವನಂತೆ ತಲೆಯಾಡಿಸಿದೆ. ಯಾರೂ ನೋಡುತ್ತಿರಲಿಲ್ಲ. ಅಭ್ಯಾಸ ಬಲ.

ಒಳಗೆ ಚುಕ್ಕಿ ಒತ್ತುವ ಎರಡು ಯಂತ್ರಗಳು ಹೊಲಿಗೆ ಯಂತ್ರಕ್ಕೆ ಸಿಟ್ಟು ಬಂದ ಹಾಗೆ ಟಕಟಕ ಎನ್ನುತ್ತಿದ್ದವು. ಕಿಟಕಿಯ ಪಕ್ಕದ ಮೇಜಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದು ನಿಂತಿತು: ಹೊಸ ಆವೃತ್ತಿ ಸಿದ್ಧವಿದೆ, ಈಗಲೇ ಹಾಕಿಕೊಳ್ಳುವಿರಾ? ಆಕೆ ‘ಆಮೇಲೆ’ ಎಂಬುದನ್ನು ಒತ್ತಿ, ಪಕ್ಕದಲ್ಲಿದ್ದ ದಪ್ಪ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ತೂತಿನ ಪುಸ್ತಕ’ ಎಂದಿತ್ತು.

ಬ್ರೈಲ್ ಅಂದರೆ ಕಾಗದದಲ್ಲಿ ತೂತು ಮಾಡುವುದು ತಾನೆ? ಹಾಗಾದರೆ ಈ ಪುಸ್ತಕ ನನ್ನ ಪುಸ್ತಕದ ಲೆಕ್ಕವೇ ಇರಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ಲೋಕದಲ್ಲಿ ಯಾರು ಏನು ಬರೆದುಕೊಂಡರೂ ಅದು ನನ್ನ ಬಗ್ಗೆಯೇ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ.

“ನನ್ನ ಪುಸ್ತಕದಲ್ಲಿ ಒಟ್ಟು ಎಷ್ಟು ತೂತು ಬಿದ್ದಿವೆ?” ಎಂದು ಗತ್ತಿನಿಂದ ಕೇಳಿದೆ.

ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ಉತ್ತರ ಬಂದದ್ದು ಎದುರಿನ ಮೇಜಿನಿಂದ. ಅಲ್ಲಿ ಕಣ್ಣು ಕಾಣದ, ಬಿಳಿಗಡ್ಡದ ಒಬ್ಬರು ಹಾಳೆಯ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಕರಡು ತಿದ್ದುವವರು, ಎಲ್ಲರ ಬಾಯಲ್ಲಿ ‘ಪ್ರೂಫ್ ಮೇಷ್ಟ್ರು’.

“ನಿಮ್ಮ ಪುಸ್ತಕದ ತೂತಿನ ಲೆಕ್ಕ ಇಡೋದಕ್ಕೆ ವಿಮರ್ಶಕರಿದಾರೆ ಸ್ವಾಮಿ,” ಎಂದರು ಅವರು. “ಇಲ್ಲಿ ಒತ್ತೋದು ಉಬ್ಬು. ತೂತು ಬಿದ್ರೆ ಆ ಹಾಳೆ ರದ್ದಿಗೆ ಹೋಗುತ್ತೆ. ಆಕೆ ಬರೀತಿರೋದು ಕಂಪ್ಯೂಟರಿನ ತೂತು.”

ಅವಮಾನವಾದಾಗ ಉಪದೇಶ ಮಾಡುವುದು ನನ್ನ ಜಾಯಮಾನ. ಅಷ್ಟರಲ್ಲಿ ಆಕೆ ಮತ್ತೆರಡು ಸಲ ‘ಆಮೇಲೆ’ ಒತ್ತಿದ್ದರು. ಪಾಪ, ಹೆದರುತ್ತಾರೆ ಎಂದುಕೊಂಡೆ. “ಧೈರ್ಯವಾಗಿ ‘ಈಗಲೇ’ ಒತ್ತಿ ಅಕ್ಕ. ನಮ್ಮನೇಲಿ ನಾನು ಬಂದಿದ್ದನ್ನೆಲ್ಲ ಬಂದ ಕೂಡಲೇ ಹಾಕಿಬಿಡ್ತೀನಿ.”

“ಹಾಕಿದ್ಮೇಲೆ ಏನಾಯ್ತು?”

“ಪರದೆ ಬಣ್ಣ ಎಷ್ಟು ಚೆನ್ನಾಗಾಗಿದೆ ಗೊತ್ತಾ! ಪ್ರಿಂಟರು ಮಾತ್ರ ಮೂರು ತಿಂಗಳಿಂದ ಕೆಲಸ ಮಾಡ್ತಿಲ್ಲ.”

ಮೇಷ್ಟ್ರ ಬೆರಳು ಹಾಳೆಯ ಮೇಲೆ ನಿಂತುಹೋಯಿತು. ಅವರು ನಕ್ಕದ್ದು ಅಂದು ಅದೊಂದೇ ಸಲ. ಆಮೇಲೆ ನನ್ನದೇ ಲೇಖನದ ಕರಡನ್ನು ಅವರು ಗಟ್ಟಿಯಾಗಿ ಓದಿದಾಗ ನಗಲಿಲ್ಲ.

ಆಕೆಗೆ ಮೇಷ್ಟ್ರು ಇಟ್ಟ ಹೆಸರು ಆಮೇಲಕ್ಕ. ಕರಡಿನ ನೆಪದಲ್ಲಿ ನಾನು ನಾಲ್ಕು ತಿಂಗಳು ಅಲ್ಲಿಗೆ ಹೋಗಿಬಂದೆ. ಹೋದಾಗಲೆಲ್ಲ ಆಕೆಯ ಕತೆ ಒಂದಿಷ್ಟು ದೊರೆಯಿತು.

ಇಪ್ಪತ್ತೆರಡು ವರ್ಷದ ಹಿಂದೆ ಆಕೆ ಅಲ್ಲಿಗೆ ಸೇರಿದ್ದು ಹಾಳೆ ಜೋಡಿಸಿ ಹೊಲಿಯುವ ಕೆಲಸಕ್ಕೆ. ಕಂಪ್ಯೂಟರಿನವರು ನಿವೃತ್ತರಾದಾಗ, “ನೀನು ನೋಡ್ಕೋ, ಅದರಲ್ಲೇನಿದೆ” ಎಂದು ಕೂರಿಸಿದರು. ಕೂತ ಆರನೇ ತಿಂಗಳಿಗೆ ಪರದೆ ‘ಈಗಲೇ?’ ಎಂದು ಕೇಳಿತು. ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಒತ್ತಿದರು. ಅಕ್ಷರವನ್ನು ಚುಕ್ಕಿಯಾಗಿ ತಿರುಗಿಸುವ ಸಾಫ್ಟ್‌ವೇರು ಹೊಸದಾಯಿತು, ಜೊತೆಗೆ ಅದರೊಳಗಿನ ಚುಕ್ಕಿಯ ಪಟ್ಟಿಯೂ ಹೊಸದಾಯಿತು. ಗಣಿತದ ಚಿಹ್ನೆಗಳಿಗೆ ಬೇರೆ ಚುಕ್ಕಿಗಳು ಬಂದು ಕೂತವು. ಮೇಷ್ಟ್ರು ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ಮೂರನೇ ತರಗತಿಯ ಗಣಿತ ಪುಸ್ತಕ ಮುನ್ನೂರು ಪ್ರತಿ ಒತ್ತಿ, ಹೊಲಿದು, ಕಳಿಸಿಯೂ ಆಯಿತು. ತಿಂಗಳ ನಂತರ ಅಂಧರ ಶಾಲೆಯಿಂದ ಒಬ್ಬ ಹುಡುಗಿಯ ಕಾಗದ ಬಂತು: ‘ನಿಮ್ಮ ಪುಸ್ತಕದಲ್ಲಿ ಕೂಡುವುದು ಇಲ್ಲ. ನಾವು ಎಲ್ಲಿ ಹುಡುಕಿದರೂ ಸಿಗಲಿಲ್ಲ.’

“ಯಾರೂ ಬೈಲಿಲ್ಲ,” ಎಂದರು ಆಮೇಲಕ್ಕ. “ಬೈದಿದ್ರೆ ಚೆನ್ನಾಗಿತ್ತು. ಮುನ್ನೂರು ಪುಸ್ತಕ ವಾಪಸ್ ತರಿಸಿ ನಾನೇ ಬಿಚ್ಚಿದೆ. ಬಿಚ್ಚುವಾಗ ತೀರ್ಮಾನ ಮಾಡಿದೆ, ಇನ್ಮೇಲೆ ಓದದೆ ಏನೂ ಒತ್ತೋದಿಲ್ಲ ಅಂತ.”

ಹಾಗೆಂದು ಎಲ್ಲಕ್ಕೂ ಬೇಡ ಎನ್ನುವಂತಿರಲಿಲ್ಲ. ಅಂಧ ಮಕ್ಕಳ ಸಾರ್ವಜನಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಅಲ್ಲೇ ಅಚ್ಚಾಗುತ್ತವೆ. ಕಣ್ಣಿರುವ ಮಕ್ಕಳಿಗೂ ಅವೇ ಪ್ರಶ್ನೆಗಳು. ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ತೂತು ಉಳಿದು ಯಾರಾದರೂ ಒಳಗೆ ನುಸುಳಿದರೆ ಇಡೀ ಪರೀಕ್ಷೆ ಬೀದಿಗೆ ಬರುತ್ತದೆ. ಒತ್ತಿದರೆ ಮಕ್ಕಳಿಗೆ ಓದಲಾಗುವುದಿಲ್ಲ. ಒತ್ತದಿದ್ದರೆ ಕಳ್ಳರಿಗೆ ಓದಲಾಗುತ್ತದೆ. ಇವೆರಡರ ನಡುವೆ ಹುಟ್ಟಿದ್ದು ತೂತಿನ ಪುಸ್ತಕ.

ಅದರ ಕ್ರಮ ಹೀಗೆ. ಹೊಸದೇನು ಬಂದರೂ, ಅದರ ಜೊತೆ ಬರುವ, ಯಾರೂ ಓದದ ಸಣ್ಣಕ್ಷರದ ವಿವರಣೆಯನ್ನು ಆಕೆ ಪೂರ್ತಿ ಓದುತ್ತಾರೆ. ಬಣ್ಣ ಬದಲಾಗಿದೆ, ಗುಂಡಿ ದೊಡ್ಡದಾಗಿದೆ ಅಂದರೆ ಅದು ‘ಶೃಂಗಾರ’. ಆಮೇಲೆ. ಕಳ್ಳ ನುಗ್ಗುವ ಜಾಗ ಮುಚ್ಚಿದ್ದೇವೆ ಅಂದರೆ ‘ತೂತು’. ಆ ತೂತು ನಮ್ಮ ಮನೆಯ ಗೋಡೆಯಲ್ಲಿದೆಯೋ, ನಾವು ಬಳಸದ ಕೋಣೆಯಲ್ಲಿದೆಯೋ ನೋಡಬೇಕು. ಬಳಸದ ಕೋಣೆಯಾದರೆ ಕೋಣೆಯನ್ನೇ ಮುಚ್ಚುವುದು. ಬಳಸುವುದಾದರೆ ಅದೇ ದಿನ, ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಮೊದಲು ಹಾಕಿ, ಎಲ್ಲ ಅಕ್ಷರ, ಅಂಕಿ, ಚಿಹ್ನೆಗಳಿರುವ ಒಂದು ಹಾಳೆ ಒತ್ತಿ ಮೇಷ್ಟ್ರ ಮುಂದಿಡುವುದು. ಮೇಷ್ಟ್ರ ಬೆರಳು ಒಪ್ಪಿದರೆ ಉಳಿದ ಕಂಪ್ಯೂಟರುಗಳಿಗೆ.

“ಒಪ್ಪದೆ ಇದ್ರೆ?” ಎಂದೆ.

“ತಯಾರಿಸಿದೋರಿಗೆ ಬರೀತೀನಿ. ನಮಗೆ ಹೊಸ ಅಂಗಿ ಬೇಡಪ್ಪ, ಇರೋ ಅಂಗಿಗೆ ತೇಪೆ ಕೊಡಿ ಅಂತ.”

ಮನೆಯಲ್ಲೂ ಆಕೆಗೆ ಇದೇ ಕೆಲಸ. ಗಂಡ ಶಾಲಾ ಬಸ್ಸಿನ ಚಾಲಕ, ಫೋನು ಅವರಿಗೆ ಕೂಗುವ ಡಬ್ಬಿ ಅಷ್ಟೇ. ಕಷ್ಟ ಅತ್ತೆಯದು. ಎಂಬತ್ತೊಂದರ ಅತ್ತೆ ಫೋನು ಕೇಳಿದ್ದಕ್ಕೆಲ್ಲ ‘ಹೂಂ’ ಒತ್ತುತ್ತಾರೆ. ಭಾನುವಾರ ಸೊಸೆ ಪಕ್ಕದಲ್ಲಿ ಕೂತು ಬೇಡದ ಆ್ಯಪುಗಳನ್ನು ಕಿತ್ತುಹಾಕುವ ಸಂಪ್ರದಾಯ. ನಾನು ಹೋಗಿದ್ದ ಭಾನುವಾರ ಹನ್ನೊಂದು ಸಿಕ್ಕವು.

“ಅತ್ತೆ, ಇದೇನಿದು, ಗಿಟಾರ್ ಕಲಿಸೋದು?”

“ಕೇಳ್ತು. ಹೂಂ ಅಂದೆ.”

“ಎಷ್ಟು ಕಲಿತ್ರಿ?”

“ನಿನ್ನ ಮದುವೆ ಆದಾಗಿಂದ ನನ್ನ ಮಾತು ಯಾರು ಕೇಳ್ತಾರೆ ಅಂತ ಕಲೀಲಿ? ಅದಾದ್ರೂ ಕೇಳ್ತಲ್ಲ, ಬೇಕಾ ಅಂತ. ನೀನು ಒಂದಿನ ಕೇಳಿದೀಯಾ?”

“ಗಿಟಾರ್ ಬೇಕಾ?”

“ಬೇಡ. ಕಿತ್ತಾಕು.”

ಇಲ್ಲದ ವಸ್ತುವಿಗೆ ತೇಪೆ ಬೇಕಿಲ್ಲ ಎಂಬುದು ಆಮೇಲಕ್ಕನ ಲೆಕ್ಕಾಚಾರ. ಈ ಮಾತನ್ನು ನಾನು ಮನೆಯಲ್ಲಿ ನನ್ನದೇ ಮಾತೆಂಬಂತೆ ಹೇಳಿದೆ. ನನ್ನ ಹೆಂಡತಿ ಕೂಡಲೇ ನನ್ನ ಹಳೆಯ ಪತ್ರಿಕೆಗಳ ರಾಶಿಯ ಕಡೆ ನೋಡಿದಳು. ಅಲ್ಲಿಗೆ ಬಿಟ್ಟೆ.

ಪರೀಕ್ಷೆಗೆ ಆರು ವಾರವಿದ್ದಾಗ ಮುದ್ರಣಾಲಯಕ್ಕೆ ಹೊಸ ವ್ಯವಸ್ಥಾಪಕರು ಬಂದರು. ಅವರಿಗೆ ಸೊನ್ನೆ ಅಂದರೆ ಪ್ರಾಣ. ದೂರುಗಳು ಸೊನ್ನೆ, ಬಾಕಿ ಕಡತ ಸೊನ್ನೆ, ಗೈರುಹಾಜರಿ ಸೊನ್ನೆ. ಇದನ್ನೆಲ್ಲ ಬರೆಯಲು ಗೋಡೆಗೊಂದು ಬಿಳಿ ಫಲಕ ಹೊಡೆಸಿದರು. ಮೇಷ್ಟ್ರು ಅವರನ್ನು ಸೊನ್ನೆ ಸಾಹೇಬರು ಎಂದು ಕರೆದು, ಫಲಕ ತಮಗೆ ಕಾಣದ ಕಾರಣ ತಮ್ಮ ಮಟ್ಟಿಗೆ ಎಲ್ಲವೂ ಸೊನ್ನೆಯೇ ಎಂದರು.

ಒಂದು ಸೋಮವಾರ ಸಾಹೇಬರು ಫಲಕದ ಮೇಲೆ ಕೆಂಪಕ್ಷರದಲ್ಲಿ ನಲವತ್ತೊಂದು ಎಂದು ಬರೆದು, ಆಮೇಲಕ್ಕನನ್ನು ಕರೆದರು. ನಾನು ಕರಡಿನ ಹಿಂದೆ ಅಡಗಿ ಕೂತೆ.

“ಏನಮ್ಮ ಇದು? ನಲವತ್ತೊಂದು ಅಪ್‌ಡೇಟು ಬಾಕಿ! ಶುಕ್ರವಾರ ಪರೀಕ್ಷಾ ಮಂಡಳಿಯಿಂದ ತಪಾಸಣೆಗೆ ಬರ್ತಾರೆ. ಅಷ್ಟರಲ್ಲಿ ಸೊನ್ನೆ ಆಗಿರಬೇಕು. ಇಲ್ಲಾಂದ್ರೆ ಪ್ರಶ್ನೆಪತ್ರಿಕೆ ಕೆಲಸ ಬೇರೆಯವರಿಗೆ ಹೋಗುತ್ತೆ, ನೀವು ಮತ್ತೆ ಹಾಳೆ ಹೊಲಿಯೋಕೆ ಹೋಗ್ತೀರಿ.”

“ಹೊಲಿಗೆ ನನಗೆ ಬರುತ್ತೆ ಸಾರ್,” ಎಂದರು ಆಮೇಲಕ್ಕ. “ಆದ್ರೆ ಎಲ್ಲ ಒತ್ತಿದ್ರೆ ಗಣಿತದ ಚಿಹ್ನೆ ಬದಲಾಗುತ್ತೆ. ಇನ್ನೂರ ಹನ್ನೆರಡು ಮಕ್ಕಳು ಪರೀಕ್ಷೆಗೆ ಕೂರ್ತಾರೆ. ಅವರು ಕಲಿತಿರೋದು ಹಳೇ ಚುಕ್ಕಿ.”

“ಮಕ್ಕಳು ಹೊಂದಿಕೊಳ್ತಾರೆ.”

“ಮೂರು ಗಂಟೆಯೊಳಗಾ?”

ಸಾಹೇಬರು ಗಡಿಯಾರ ನೋಡಿಕೊಂಡರು, ಉತ್ತರ ಅದರಲ್ಲಿದೆ ಎಂಬಂತೆ. “ನೋಡಿ, ನನ್ನ ಕೋಣೆ ಕಂಪ್ಯೂಟರಲ್ಲಿ ನಾನು ಇವತ್ತೇ ಎಲ್ಲ ಒತ್ತಿದೆ. ಬಾಕಿ ಸೊನ್ನೆ. ಏನಾಯ್ತು? ಏನೂ ಆಗ್ಲಿಲ್ಲ.”

“ನಿಮ್ಮದನ್ನೂ ಒಂದ್ಸಲ ನೋಡಿಕೊಡ್ಲಾ ಸಾರ್?”

“ನನ್ನದು ನಾನು ನೋಡ್ಕೋತೀನಿ. ಅಂದಹಾಗೆ ಗಣಿತದ ಪ್ರಶ್ನೆಪತ್ರಿಕೆ ಬಂದಿದೆಯಂತಲ್ಲ? ಮೇಲ್ವಿಚಾರಣೆಗೆ ಒಂದು ಪ್ರತಿ ನನ್ನ ಕಂಪ್ಯೂಟರಿಗೆ ಕಳ್ಸಿ.”

“ಆಮೇಲೆ,” ಎಂದರು ಆಮೇಲಕ್ಕ.

ಅಂದಿನಿಂದ ನಾಲ್ಕು ದಿನ ಆಕೆ ತಲೆಯೆತ್ತಿದ್ದನ್ನು ನಾನು ಕಾಣೆ. ಮೊದಲು, ಕಂಪ್ಯೂಟರುಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿದರು. ನಲವತ್ತೊಂದರಲ್ಲಿ ಹತ್ತೊಂಬತ್ತು, ಹಿಂದೆ ಯಾರೋ ತಂದು ಹಾಕಿ ಮರೆತವು. ಹವಾಮಾನ ಹೇಳುವುದು, ಚದುರಂಗ, ಹೋಗಿಬಿಟ್ಟ ಗುಮಾಸ್ತರು ಪರದೆಯ ಮೇಲೆ ಮೀನು ಸಾಕುತ್ತಿದ್ದ ಆಟ. ಆಟ ತೆರೆದಾಗ ಮೀನುಗಳು ಇನ್ನೂ ಹಸಿದುಕೊಂಡೇ ಇದ್ದವು. ಆಕೆ ಮರುಗದೆ ಎಲ್ಲವನ್ನೂ ಕಿತ್ತರು. ಉಳಿದದ್ದು ಇಪ್ಪತ್ತೆರಡು. ಮಂಗಳವಾರವೆಲ್ಲ ಸಣ್ಣಕ್ಷರ ಓದಿದರು: ಹದಿಮೂರು ಬರೀ ಶೃಂಗಾರ, ಒಂಬತ್ತು ತೂತು. ಬುಧವಾರ ಆರಕ್ಕೆ ತೇಪೆ ಬಿತ್ತು. ಪ್ರತಿಯೊಂದಕ್ಕೂ ಮೂಲೆಯ ಕಂಪ್ಯೂಟರು, ಪ್ರತಿಯೊಂದಕ್ಕೂ ಒಂದು ಹಾಳೆ, ಪ್ರತಿಯೊಂದಕ್ಕೂ ಮೇಷ್ಟ್ರ ಬೆರಳು.

“ಬೆರಳಿಗೆ ಬೊಬ್ಬೆ ಬರ್ತಿದೆ ಆಮೇಲಕ್ಕ,” ಎಂದು ಮೇಷ್ಟ್ರು ಗೊಣಗಿದರು. “ಈ ಹಾಳೆ ನನಗೆ ಬಾಯಿಪಾಠ.”

“ಬಾಯಿಪಾಠ ಒಪ್ಪಿಸಬೇಡಿ ಮೇಷ್ಟ್ರೇ, ಓದಿ. ಅವತ್ತೂ ಎಲ್ಲರಿಗೂ ಬಾಯಿಪಾಠವೇ ಆಗಿತ್ತು.”

ಮೇಷ್ಟ್ರು ಮತ್ತೆ ಮೊದಲ ಸಾಲಿನಿಂದ ಓದಿದರು.

ಇನ್ನೆರಡು ತೂತು ಅವರು ಬಳಸದ ಭಾಗಗಳಲ್ಲಿದ್ದವು. ಆ ಭಾಗಗಳನ್ನೇ ಮುಚ್ಚಿದರು. ಕೊನೆಗೆ ಉಳಿದದ್ದು ಒಂದು, ಅದು ಇದ್ದದ್ದು ಚುಕ್ಕಿಯ ಸಾಫ್ಟ್‌ವೇರಿನಲ್ಲೇ. ಕಳ್ಳನೊಬ್ಬ ಸಿದ್ಧಪಡಿಸಿದ ಫೈಲನ್ನು ಗೊತ್ತಿಲ್ಲದೆ ತೆರೆದರೆ ಕಂಪ್ಯೂಟರು ಅವನ ವಶ. ಪರಿಹಾರ ಹೊಸ ಆವೃತ್ತಿಯಲ್ಲಿದೆ. ಹೊಸ ಆವೃತ್ತಿಯಲ್ಲಿ ಹೊಸ ಚುಕ್ಕಿಯೂ ಇದೆ.

ಆಕೆ ಮಾಡಿದ ಮೊದಲ ಕೆಲಸ, ಆ ಕಂಪ್ಯೂಟರಿನ ನೆಟ್ ತಂತಿ ಕಿತ್ತು, ಸುತ್ತಿ, ತಮ್ಮ ಕೈಚೀಲದಲ್ಲಿ ಹಾಕಿಕೊಂಡದ್ದು. ರಾತ್ರಿ ಮನೆಗೂ ಅದನ್ನು ಒಯ್ದರಂತೆ. ಆಮೇಲೆ ತಯಾರಕರಿಗೆ ಬರೆದರು. ಉತ್ತರ ಬಂತು: ದಯವಿಟ್ಟು ಹೊಸ ಆವೃತ್ತಿಗೆ ಏರಿ. ಆಕೆ ಮತ್ತೆ ಬರೆದರು: ‘ನಾನು ಏರುವುದನ್ನು ಕೇಳಿಲ್ಲ. ಇರುವಲ್ಲೇ ಭದ್ರವಾಗಿ ನಿಲ್ಲುವುದನ್ನು ಕೇಳಿದ್ದೇನೆ.’ ಉತ್ತರ ಬಂತು: ದಯವಿಟ್ಟು ಹೊಸ ಆವೃತ್ತಿಗೆ ಏರಿ.

ಗುರುವಾರ ಬೆಳಿಗ್ಗೆ ಫೋನು ಹಿಡಿದರು. ಒಂದು ಒತ್ತಿ, ನಾಲ್ಕು ಒತ್ತಿ, ಮತ್ತೆ ಒಂದು ಒತ್ತಿ, ನಲವತ್ತು ನಿಮಿಷ ಕೊಳಲಿನ ಸಂಗೀತ ಕೇಳಿದರು. ನಾನು ಸಹನೆ ಕಳೆದುಕೊಂಡು, “ಬಿಡಿ ಅಕ್ಕ, ನೀವು ಮಾಡೋದೆಲ್ಲ ಮಾಡಿದ್ರಿ,” ಎಂದೆ.

“ಇನ್ನೂ ಮಾತೇ ಆಡಿಲ್ಲವಲ್ಲ,” ಎಂದರು.

ಕೊನೆಗೆ ಆ ಕಡೆ ಒಬ್ಬ ಮನುಷ್ಯ ಸಿಕ್ಕಿದ. ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಹಳೇ ಆವೃತ್ತಿಗೂ ತೇಪೆ ಮಾಡಿಟ್ಟಿದೀವಿ ಮೇಡಂ,” ಎಂದ.

“ಮತ್ತೆ ಹೇಳ್ಲೇ ಇಲ್ಲ?”

“ಯಾರೂ ಕೇಳಿರ್ಲಿಲ್ಲ.”

ತೇಪೆ ಬಂದ ಮೇಲೂ ಆಕೆಗೆ ನೆಮ್ಮದಿಯಿಲ್ಲ. ದಾರಿಯಲ್ಲಿ ಯಾರೂ ಬದಲಾಯಿಸಿಲ್ಲ ಎಂದು ಖಾತ್ರಿಯಾಗಬೇಕಲ್ಲ. ಅದಕ್ಕೊಂದು ಗುರುತು ಸಂಖ್ಯೆ ಇರುತ್ತದಂತೆ, ಅರವತ್ತನಾಲ್ಕು ಅಕ್ಷರದ್ದು. ಅವನು ಫೋನಿನಲ್ಲಿ ಒಂದೊಂದೇ ಓದಿದ, ಆಕೆ ಒಂದೊಂದಕ್ಕೂ ಟಿಕ್ಕು ಹಾಕಿದರು. ಐವತ್ತನೆಯದರ ಹೊತ್ತಿಗೆ ಅವನು ನಿಟ್ಟುಸಿರು ಬಿಟ್ಟ. “ನಿಧಾನವಾಗಿ ಹೇಳಪ್ಪ, ನನಗೇನೂ ಅವಸರ ಇಲ್ಲ,” ಎಂದರು. ಸಂಜೆ ನಾಲ್ಕಕ್ಕೆ ಹಾಳೆ ಒತ್ತಿ ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ಎರಡು ಸಲ ಓದಿದರು. ಮೂರನೆಯ ಸಲ ಗಣಿತದ ಸಾಲು ಮಾತ್ರ.

“ಕೂಡುವುದು ಇದೆ,” ಎಂದರು.

ಆಮೇಲಕ್ಕ ಆ ಹಾಳೆಯನ್ನು ಜೋಪಾನವಾಗಿ ಎತ್ತಿಟ್ಟು, ಮುಖ್ಯ ಕಂಪ್ಯೂಟರಿಗೆ ಹೋಗಿ, ಚುಕ್ಕಿಯ ಸಾಫ್ಟ್‌ವೇರಿಗೆ ಮೊದಲ ಬಾರಿಗೆ ನನ್ನ ಕಣ್ಣೆದುರು ‘ಈಗಲೇ’ ಒತ್ತಿದರು.

ಶುಕ್ರವಾರ ಫಲಕದ ಮೇಲೆ ಹದಿನಾರು ಎಂದಿತ್ತು. ಹದಿಮೂರು ಶೃಂಗಾರ, ಮುಚ್ಚಿದ ಭಾಗದ ಎರಡು, ಏರದೇ ಉಳಿದ ಆವೃತ್ತಿ ಒಂದು. ಸಾಹೇಬರು ಆ ಸಂಖ್ಯೆಯನ್ನು ಮರೆಮಾಡಲು ಅದರ ಮುಂದೆ ಒಂದು ಹೂಕುಂಡ ಇಡಿಸಿದ್ದರು. ತಪಾಸಣೆಗೆ ಬಂದಾಕೆ ಹೆಚ್ಚು ಮಾತಿನವರಲ್ಲ; ಬಂದವರೇ ಹೂಕುಂಡ ಸರಿಸಿ, “ಹದಿನಾರು ಯಾಕೆ?” ಎಂದರು.

“ನಾನು ಸೊನ್ನೆ ಮಾಡಿ ಅಂತ ಲಿಖಿತವಾಗಿ ಹೇಳಿದೀನಿ,” ಎಂದು ಸಾಹೇಬರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಆಮೇಲಕ್ಕ ಒಬ್ಬರೇ ಎದುರಿಗೆ ಉಳಿಯುವಂತೆ.

ಆಮೇಲಕ್ಕ ನೋಟ್‌ಬುಕ್ ತೆರೆದು ಕೊಟ್ಟರು. ಹದಿನಾರಕ್ಕೂ ಹದಿನಾರು ಸಾಲು: ಏನು, ಯಾಕೆ ಹಾಕಿಲ್ಲ, ಬದಲಿಗೆ ಏನು ಮಾಡಿದೆ, ಮತ್ತೆ ಯಾವತ್ತು ನೋಡುತ್ತೇನೆ. ತಪಾಸಣೆಯಾಕೆ ನಿಂತೇ ಓದಿದರು. ಆಮೇಲೆ ತಮ್ಮ ಚೀಲದಿಂದ, ಕಳ್ಳನಂತೆ ಬಾಗಿಲು ತಟ್ಟಿ ನೋಡಲೆಂದೇ ಮಾಡಿದ ಒಂದು ಫೈಲು ತೆಗೆದು ಚುಕ್ಕಿಯ ಕಂಪ್ಯೂಟರಿನಲ್ಲಿ ತೆರೆದರು. ಸಾಫ್ಟ್‌ವೇರು ‘ಈ ಫೈಲು ಸರಿಯಿಲ್ಲ’ ಎಂದು ಹೇಳಿ ಸುಮ್ಮನಾಯಿತು. ಮೂರು ಸಲ ತಟ್ಟಿದರು, ಮೂರು ಸಲವೂ ಅಷ್ಟೇ.

“ಈ ಹೊಸ ಆವೃತ್ತಿ ಯಾವತ್ತೂ ಹಾಕಲ್ವಾ?”

“ಹಾಕ್ತೀನಿ ಮೇಡಂ. ಶಾಲೇಲಿ ಹೊಸ ಚುಕ್ಕಿ ಕಲಿಸೋಕೆ ಶುರು ಮಾಡಿದ ವಾರ. ಅಲ್ಲಿಯ ಟೀಚರಿಗೂ ಬರೆದಿದೀನಿ.”

ತಪಾಸಣೆಯಾಕೆ ತಮ್ಮ ಕಂಪ್ಯೂಟರನ್ನು ಕಟ್ಟಡದ ಜಾಲಕ್ಕೆ ಜೋಡಿಸಿ ಸುತ್ತಲೂ ನೋಡಿದರು. “ಇಲ್ಲೊಂದು ಬಾಗಿಲು ಹಾರು ಹೊಡೆದಿದೆಯಲ್ಲ? ‘ಸಾಹೇಬರ ಕೋಣೆ’ ಅಂತಿದೆ.”

“ಅದು ಸೊನ್ನೆ ಬಾಕಿ!” ಎಂದರು ಸಾಹೇಬರು ಹೆಮ್ಮೆಯಿಂದ.

“ಬಾಕಿ ಸೊನ್ನೆ, ಸರಿ. ಹೊಸದರಲ್ಲಿ ‘ಎಲ್ಲರ ಜೊತೆ ಹಂಚಿಕೊಳ್ಳಿ’ ಅಂತ ಒಂದು ಸೌಕರ್ಯ ಬಂದಿದೆ, ತಾನಾಗೇ ತೆರೆದುಕೊಂಡಿದೆ. ಕೆಳಗಿನ ಟೈರು ಅಂಗಡಿಯವರಿಗೂ ನಿಮ್ಮ ಫೈಲೆಲ್ಲ ಕಾಣ್ತಿರುತ್ತೆ. ಇದು… ಇದು ನೀವೇನಾ?”

ಪರದೆಯ ಮೇಲೆ ಒಂದು ಫೋಟೋ: ಸಾಹೇಬರ ಕೋಟು, ಸಾಹೇಬರ ಟೈ, ಅದರ ಮೇಲೆ, ಮುಖ ಬದಲಿಸುವ ಯಾವುದೋ ಸಾಫ್ಟ್‌ವೇರು ಅಂಟಿಸಿದ, ಕೇಸರವಿರುವ ಒಂದು ಸಿಂಹದ ಮುಖ. ಅಂಥವು ಇಪ್ಪತ್ತಿದ್ದವು. ಒಂದರಲ್ಲಿ ಸಿಂಹ ಕನ್ನಡಕ ಹಾಕಿತ್ತು.

“ಏನಿದೆ? ಏನಿದೆ?” ಎಂದು ಮೇಷ್ಟ್ರು ಕೇಳಿದರು. ನಾನು ಕಿವಿಯಲ್ಲಿ ಹೇಳಿದೆ. ಅವರು ಕರಡನ್ನು ಮುಖಕ್ಕೆ ಹಿಡಿದುಕೊಂಡರು.

ತಪಾಸಣೆಯಾಕೆ ಮಾತ್ರ ನಗಲಿಲ್ಲ. “ಪ್ರಶ್ನೆಪತ್ರಿಕೆ ಇದರಲ್ಲಿ ಇತ್ತಾ?”

ಸಾಹೇಬರ ದನಿ ಇಳಿಯಿತು. “ಇಲ್ಲ… ಕೇಳಿದ್ದೆ. ಅವರು ಕೊಡ್ಲಿಲ್ಲ.”

ಪ್ರಶ್ನೆಪತ್ರಿಕೆಯ ಕೆಲಸ ಅಲ್ಲೇ ಉಳಿಯಿತು. ಸಂಜೆ ಸಾಹೇಬರು ತಾವೇ ಬಂದು, “ನನ್ನದನ್ನೂ ಒಂದ್ಸಲ ನೋಡ್ತೀರಾಮ್ಮ?” ಎಂದರು. ಆಮೇಲಕ್ಕ ಆಗಲೇ ಎದ್ದಿದ್ದರು. ಆ ಮಟ್ಟಿಗೆ ಸಾಹೇಬರು ಕೆಟ್ಟವರಲ್ಲ. ಸಿಂಹವನ್ನು ಕಿತ್ತುಹಾಕುವಾಗ ಮುಖ ತಿರುಗಿಸಿಕೊಂಡರು, ಅಷ್ಟೆ.

ಗಣಿತದ ಪರೀಕ್ಷೆಯ ದಿನ ಆಕೆ ರಜೆ ಹಾಕಿ ಅಂಧರ ಶಾಲೆಗೆ ಹೋದರು. ಗಂಡನ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ. ಬರಹಗಾರನಾದವನು ಇಂಥದ್ದನ್ನು ಕಣ್ಣಾರೆ ಕಾಣಬೇಕು ಎಂದು ನಾನೂ ಹತ್ತಿದೆ. ಪರೀಕ್ಷೆಯ ಕೋಣೆಯ ಹೊರಗೆ ಒಂದು ಬೆಂಚು. ಮೊದಲ ಹತ್ತು ನಿಮಿಷ ಮುಖ್ಯ, ಚಿಹ್ನೆ ಗೊತ್ತಾಗದವರು ಆಗಲೇ ಕೈ ಎತ್ತುತ್ತಾರೆ ಎಂದು ಹೇಳಿ, ಆಮೇಲಕ್ಕ ಬೆನ್ನು ನೆಟ್ಟಗೆ ಮಾಡಿ ಕೂತರು. ಒಳಗಿನಿಂದ ಇನ್ನೂರಕ್ಕೂ ಹೆಚ್ಚು ಬೆರಳುಗಳು ದಪ್ಪ ಕಾಗದದ ಮೇಲೆ ಹರಿಯುವ ಸದ್ದು ಬರುತ್ತಿತ್ತು, ಯಾರೋ ಅಕ್ಕಿ ಆರಿಸುತ್ತಿರುವ ಹಾಗೆ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಯಾವ ಟೀಚರೂ ಬಾಗಿಲಿಗೆ ಬರಲಿಲ್ಲ. ಒಳಗೆ ಚುಕ್ಕಿಯಲ್ಲಿ ಉತ್ತರ ಒತ್ತುವ ಟಕಟಕ ಶುರುವಾಯಿತು, ಒಂದು ಮೇಜಿನಿಂದ ಇನ್ನೊಂದಕ್ಕೆ ಹಬ್ಬಿತು. ಆಕೆ ಬೆಂಚಿಗೆ ಒರಗಿದರು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಬಾರದು.

“ಆ ಪ್ರಶ್ನೆಪತ್ರಿಕೆ ಇಷ್ಟು ದಿನ ನಿಮ್ಮ ಕೈಯಲ್ಲೇ ಇತ್ತಲ್ಲ ಅಕ್ಕ,” ಎಂದು ಪಿಸುಗುಟ್ಟಿದೆ. “ಈಗ ಹೇಳಿದ್ರೆ ತಪ್ಪಿಲ್ಲ. ಲೆಕ್ಕಗಳು ಸುಲಭವಾಗಿದ್ವಾ, ಕಷ್ಟವಾಗಿದ್ವಾ?”

“ನನಗೇನು ಗೊತ್ತು? ಓದಬೇಕಾದೋರು ಒಳಗೆ ಓದ್ತಿದಾರೆ. ನೀವು ಸ್ವಲ್ಪ ಬಾಯಿ ಮುಚ್ಚಿ.”